ಮರದ ಪಿಸ್ತೂಲುಗಳ ದರ್ಜಿ ಕಾಕ

ಕಾಕನ ತುಟಿಗಳ ನಡುವೆ ಸದಾ ಗುಂಡುಸೂಜಿಗಳು ಮೊಳಕೆಯೊಡೆದ ಹೆಸರುಕಾಳಿನಂತೆ ಚಾಚಿಕೊಂಡಿರುತ್ತಿದ್ದವು. ಅವುಗಳನ್ನು ತೆಗೆಯದೆಯೇ ಅವರು ಮಾತನಾಡುತ್ತಿದ್ದರು, ಬೈಯುತ್ತಿದ್ದರು, ಎದುರು ಹೋಟೆಲಿಗೆ ಕೂಗಿ ಚಹಾ ತರಿಸುತ್ತಿದ್ದರು, ಹೊಟ್ಟೆ ಕುಣಿಯುವಂತೆ ನಗುತ್ತಿದ್ದರು. ಒಂದು ಸೂಜಿಯಾದರೂ ಬಿದ್ದದ್ದನ್ನು ನಾನು ಕಂಡಿಲ್ಲ. ಅವರು ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರೆಂದರೆ ಮಾತು ಗಂಭೀರವಾಯಿತೆಂದೇ ಅರ್ಥ. ಇಷ್ಟು ವರ್ಷಗಳ ಒಡನಾಟದಲ್ಲಿ ಅವರು ನನ್ನೆದುರು ಹಾಗೆ ಮಾಡಿದ್ದು ಒಂದೇ ಸಲ.

ಜಿದ್ದಾದ ಶರಫಿಯಾದಲ್ಲಿ, ಊರಿಗೆ ಹಣ ಕಳುಹಿಸುವ ಕಚೇರಿಯೊಂದರ ಮಗ್ಗುಲಲ್ಲಿ, ಅವರ ಅಂಗಡಿಯಿತ್ತು. ಮಲ್ಪೆಯ ಕಡೆಯ ಬ್ಯಾರಿ ಮನೆತನದವರು. ಅರಬ್ ಗಂಡಸರು ತೊಡುವ ತೋಬೆಂಬ ಬಿಳಿ ನಿಲುವಂಗಿ ಹೊಲಿಯುವುದರಲ್ಲಿ ತಮಗೆ ಸಮನಾದವರು ಕೆಂಪು ಸಮುದ್ರದ ಈ ದಡದಲ್ಲಿಲ್ಲ ಎಂದು ಅವರೇ ದಿನಕ್ಕೊಮ್ಮೆ ಘೋಷಿಸುತ್ತಿದ್ದರು. ವಿನಯ ಅವರ ಗುಣವಾಗಿರಲಿಲ್ಲ. ಕನ್ನಡಿಯೆದುರು ನಿಂತ ಗಿರಾಕಿಯ ಹಿಂದೆ ತಾವೂ ನಿಂತು, ಗಿರಾಕಿಯನ್ನಲ್ಲ, ತಮ್ಮ ಹೊಲಿಗೆಯನ್ನು ನೋಡಿ ತಲೆದೂಗುತ್ತಿದ್ದರು. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಪಾರಿತೋಷಕ ಗೆದ್ದು ಬಂದ ನಾನು ಹಡಗು ಕಂಪೆನಿಯ ಗುಮಾಸ್ತ. ಆದರೆ ವಾದಿಸುವ ನನ್ನ ಚಟ ಕಂಡು ಅವರು ನನ್ನನ್ನು ಕರೆಯುತ್ತಿದ್ದುದು "ವಕೀಲರೇ" ಎಂದು.

ಅವರ ಖ್ಯಾತಿಗೆ ತೋಬಿನ ಜೊತೆಗೆ ಇನ್ನೊಂದು ಕಾರಣವಿತ್ತು. ಪಿಸ್ತೂಲಿನ ಪರವಾನಗಿ ಪಡೆದ ಸೌದಿ ನಾಗರಿಕರು, ಹೆಚ್ಚಾಗಿ ಚಿನ್ನದ ವ್ಯಾಪಾರಿಗಳು, ಆಯುಧ ಹೊರಗೆ ಕಾಣದಂತೆ ತೋಬಿನ ಒಳಕ್ಕೆ ಕಿಸೆ ಹೊಲಿಸಿಕೊಳ್ಳಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಾಕ ಮೊದಲು ಪರವಾನಗಿಯ ಕಾರ್ಡು ನೋಡುತ್ತಿದ್ದರು. ಅದು ಯಾರ ಹೆಸರಿನಲ್ಲಿದೆಯೋ ಅವರ ಮೈಯಳತೆಯನ್ನೇ ತೆಗೆಯುತ್ತಿದ್ದರು. ಅಣ್ಣನ ಪರವಾನಗಿಗೆ ತಮ್ಮನ ತೋಬಿನಲ್ಲಿ ಜಾಗವಿರಲಿಲ್ಲ. ಅಸಲಿ ಪಿಸ್ತೂಲು ಹೊಸ್ತಿಲು ದಾಟಬಾರದು. "ಪರದೇಶಿ ಕೈ ಅದನ್ನು ಮುಟ್ಟಿದ್ರೆ ಇಲ್ಲಿ ಇರ್ಲಿಕ್ಕೆ ಕೊಟ್ಟ ನನ್ನ ಇಕಾಮಾ ಮಾತ್ರ ಅಲ್ಲ, ನನ್ನ ಮೊಮ್ಮಕ್ಕಳ ಪಾಸ್‌ಪೋರ್ಟೂ ಹೋದೀತು ಮಾರಾಯ್ರೆ!" ಎನ್ನುತ್ತಿದ್ದರು.

ಹಾಗಾದರೆ ಅಳತೆ ಹೇಗೆ? ಅದಕ್ಕೆಂದೇ ಅವರ ಬಳಿ ಮೂರು ಮರದ ಪಿಸ್ತೂಲುಗಳಿದ್ದವು. ನಮ್ಮ ಊರಿನ ಕೊಂಕಣಿ ಬಡಗಿಯೊಬ್ಬರು ಕೆತ್ತಿಕೊಟ್ಟವು. ಬೂಟ್ ಪಾಲಿಶ್ ಉಜ್ಜಿ ಕಪ್ಪಾಗಿಸಿ, ತೂಕ ಬರಲೆಂದು ಹೊಟ್ಟೆಯೊಳಗೆ ಮೀನುಬಲೆಯ ಸೀಸದ ಗುಂಡುಗಳನ್ನು ತುಂಬಿದ್ದರು. ಹೆಸರುಗಳು ನಮ್ಮ ಕಡಲ ಮೀನಿನವು: ದೊಡ್ಡದು ಅಂಜಲ್, ನಡುವಿನದು ಬಂಗುಡೆ, ಅಂಗೈಯಲ್ಲಿ ಅಡಗುವುದು ಬೂತಾಯಿ. ಗಿರಾಕಿ ಯಾವುದನ್ನು ಕೊಳ್ಳಬೇಕೆಂದಿದ್ದಾನೋ ಆ ಗಾತ್ರದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಅಂಗಡಿಯಲ್ಲಿ ನಡೆಯಬೇಕು, ಕೂರಬೇಕು, ಬಾಗಬೇಕು. ಆಗ ಕಾಕ ಹೇಳುತ್ತಿದ್ದ ಮಾತು ಒಂದೇ: "ನಿಂತಾಗ ಎಲ್ಲವೂ ಸರಿ ಕಾಣ್ತದೆ. ಕೂತು ನೋಡಿ." ಅಂಜಲ್ ಬೇಕೆಂದು ಬಂದವರಲ್ಲಿ ಅನೇಕರು ಬೂತಾಯಿ ಸಾಕೆಂದು ಹೋಗುತ್ತಿದ್ದರು. ಕೆಲವರು ಬರಿಯ ತೋಬು ಹೊಲಿಸಿಕೊಂಡು ಹೋಗುತ್ತಿದ್ದರು.

ನನಗೆ ಇದೊಂದೂ ಒಪ್ಪಿಗೆಯಿರಲಿಲ್ಲ. ಆಯುಧವಿಲ್ಲದ ಸಮಾಜವನ್ನು ಕಟ್ಟಬಹುದೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಶುಕ್ರವಾರ ಜುಮಾ ಮುಗಿದ ಮೇಲೆ ಶರಫಿಯಾದ ಜನಜಂಗುಳಿಯನ್ನು ಸೀಳಿಕೊಂಡು ಹೋಗಿ, ಅವರ ಇಸ್ತ್ರಿ ಮೇಜಿಗೆ ಒರಗಿ ನಿಂತು, ಪೂರ್ವಪಕ್ಷ ಹೂಡುತ್ತಿದ್ದೆ.

"ಅಡಗಿಸಲು ನೆರವಾಗುವವನೂ ಪಾಲುದಾರನೇ ಅಲ್ಲವೇ ಕಾಕ?"

"ಕಾಣುವ ಹಾಗೆ ಕಟ್ಟಿಕೊಂಡು ತಿರುಗಿದ್ರೆ ನಿಮಗೆ ಸಮಾಧಾನವಾ?"

"ಕಟ್ಟಿಕೊಳ್ಳುವುದೇ ಬೇಡ ಎಂಬುದು ನನ್ನ ವಾದ."

"ನಿಮ್ಮ ವಾದ ಒಳ್ಳೆ ಬಟ್ಟೆ ವಕೀಲರೇ, ಸುಳ್ಳು ಹೇಳೂದಿಲ್ಲ. ಆದ್ರೆ ನೀವು ಅಳತೆ ತೆಗೀದೆ ಕತ್ತರಿ ಹಾಕ್ತೀರಿ. ಚಾ ಕುಡೀರಿ, ತಣಿಯಿತು."

ಅವರ ಕಫೀಲ್, ಎಂದರೆ ಅವರ ವೀಸಾಕ್ಕೆ ಜವಾಬ್ದಾರನಾದ ಮಾಲಿಕ, ಜಿಜಾನ್ ಕಡೆಯ ಹಳ್ಳಿಯಿಂದ ಬಂದು ಜಿದ್ದಾದಲ್ಲಿ ನೆಲೆಸಿದವರು. ಆ ಮನೆಯ ಕಿರಿಯ ಮಗ, ಮೀಸೆ ಚಿಗುರುವ ಮೊದಲೇ ಕಾಕನ ಬಳಿ ಅಳತೆ ಕೊಟ್ಟು ಬೆಳೆದ ತರುಣ, ಒಂದು ಮಧ್ಯಾಹ್ನ ಹೊಸ ಪರವಾನಗಿ ಹಿಡಿದು ಬಂದ. ನಾನೂ ಅಲ್ಲಿದ್ದೆ. ಅವನಾಡಿದ ಅರಬ್ಬಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಾಕಾ, ಅಣ್ಣನ ಮದುವೆಗೆ ತೋಬು. ಅಂಜಲ್ ಹಿಡಿಯುವ ಕಿಸೆ ಬೇಕು. ಮಾವಂದಿರು ಹೇಳಿಬಿಟ್ಟಿದ್ದಾರೆ, ಈ ಸಲ ಮೊದಲ ಗುಂಡು ನನ್ನದು."

ದಕ್ಷಿಣದ ಆ ಹಳ್ಳಿಯಲ್ಲಿ ಮದುವೆಯ ಸಂಭ್ರಮಕ್ಕೆ ಆಕಾಶಕ್ಕೆ ಗುಂಡು ಹಾರಿಸುವುದು ಹಿಂದಿನಿಂದ ಬಂದದ್ದು. ಕಾನೂನು ಅದನ್ನು ನಿಷೇಧಿಸಿದೆ. ಹಾರಿಸಿದವನ ಪರವಾನಗಿ ಹೋಗುತ್ತದೆ, ಜೈಲೂ ಕಾದಿರುತ್ತದೆ. ಆದರೂ ಹಿರಿಯರಲ್ಲಿ ಕೆಲವರಿಗೆ ಚಪಲ ಬಿಟ್ಟಿರಲಿಲ್ಲ. ಹಿಂದೊಮ್ಮೆ ಆ ಮನೆಯ ಮದುವೆಯಲ್ಲೇ ಮೇಲೆ ಹೋದ ಗುಂಡು ಕೆಳಗಿಳಿದು, ಬಿರಿಯಾನಿ ಬೇಯುವ ದೊಡ್ಡ ಡೇಗೆಯ ಬಳಿ ನಿಂತಿದ್ದ ನಮ್ಮ ಕುಂದಾಪುರದ ಅಡುಗೆಯವನ ಭುಜ ಸೀಳಿತ್ತು. ಅವನು ಬದುಕಿದ. ಈ ಮದುವೆಗೂ ಅವನದೇ ಅಡುಗೆ.

ನನಗೆ ತಡೆಯಲಾಗಲಿಲ್ಲ. ಕಾನೂನು, ನೀತಿ, ಭೌತಶಾಸ್ತ್ರ ಎಂಬ ಮೂರು ನೆಲೆಗಳಲ್ಲಿ ನನ್ನ ವಾದವನ್ನು ಅರಬ್ಬಿ ಬಂದಷ್ಟು ಅರಬ್ಬಿಯಲ್ಲೂ ಉಳಿದದ್ದನ್ನು ಇಂಗ್ಲಿಷಿನಲ್ಲೂ ಮಂಡಿಸಿದೆ. ಪಾರಿತೋಷಕಕ್ಕೆ ಅರ್ಹವಾದ ಭಾಷಣವೇ ಅದು. ಕೇಳುತ್ತ ಕೇಳುತ್ತ ತರುಣನ ಕುತ್ತಿಗೆ ನೆಟ್ಟಗಾಯಿತು.

"ನಾನು ಹೆದರುಪುಕ್ಕಲ ಅಂತ ಹೇಳುತ್ತಿದ್ದೀಯಾ?"

"ಹಾಗಲ್ಲ, ನನ್ನ ಪ್ರತಿಪಾದನೆ ಏನೆಂದರೆ..."

"ಹಾರಿಸಿಯೇ ತೀರುತ್ತೇನೆ!" ಎಂದು ಅವನು ಚಪ್ಪಲಿ ಮೆಟ್ಟಿ ಹೊರನಡೆದ.

ಆಗಲೇ ಕಾಕ ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟದ್ದು.

"ಎಂತ ಮಾಡಿದಿರಿ ವಕೀಲರೇ? ಅವನಿಗೆ ಹಾರಿಸುವ ಆಸೆ ಉಂಟು ಅಂತ ನಿಮಗೆ ಯಾರು ಹೇಳಿದ್ದು? ಮೊದಲ ಗುಂಡು ನನ್ನದು ಅಂತ ಹೇಳುವಾಗ ಅವನ ಕೈ ನೋಡಿದಿರಾ? ತೋಳಿನ ಗುಂಡಿ ಹಾಕೂದು, ತೆಗಿಯೂದು, ಹಾಕೂದು, ತೆಗಿಯೂದು. ಸಣ್ಣದಿರುವಾಗ ಸೂಜಿ ಚುಚ್ಚೀತು ಅಂತ ಹೆದರಿದಾಗಲೂ ಹಾಗೇ ಮಾಡ್ತಿದ್ದ. ಅವನಿಗೆ ಬೇಡ. ಮಾವಂದಿರ ಎದುರು ಬೇಡ ಅನ್ಲಿಕ್ಕೆ ನಾಚಿಕೆ. ಅವನು ಹಿಡಿಯದ ಪಕ್ಷಕ್ಕೆ ನೀವು ಉತ್ತರ ಕೊಟ್ಟು, ಅವನನ್ನು ಆ ಪಕ್ಷಕ್ಕೆ ದೂಡಿಬಿಟ್ಟಿರಿ!"

"ಹಾಗಿದ್ದರೆ ನೀವು ಕಿಸೆ ಹೊಲಿಯುವುದಿಲ್ಲ ಎಂದುಬಿಡಿ."

"ಹೇಳ್ಬಹುದು. ಕಫೀಲನ ಮಗನಿಗೆ ಇಲ್ಲ ಅಂದು ನಾನು ಊರಿಗೆ ಹೋಗಿ ಕೂತೇನು. ಆದ್ರೆ ಅವನು ಬೇರೆ ದರ್ಜಿ ಹತ್ರ ಹೋಗ್ತಾನೆ. ಅಡುಗೆಯವನ ಇನ್ನೊಂದು ಭುಜ ಯಾರು ಕಾಯೂದು?"

ತರುಣ ಮತ್ತೆ ಬಂದದ್ದು, ಹಳೆಯ ಅಳತೆಯ ಮೇಲೆ ಕಾಕ ಸಿದ್ಧಪಡಿಸಿದ್ದ ತೋಬನ್ನು ತೊಟ್ಟು ನೋಡುವ ದಿನ. ಆ ಹೊತ್ತಿಗೆ ನಾನು ಬಾಯಿ ಹೊಲಿದುಕೊಂಡು ಮೂಲೆಯಲ್ಲಿ ಕುಳಿತಿದ್ದೆ. ಕಾಕ ಅಂಜಲನ್ನು ಅವನ ಸೊಂಟಕ್ಕೆ ಕಟ್ಟಿ, ಅರೆಹೊಲಿದ ತೋಬು ತೊಡಿಸಿದರು. ಕನ್ನಡಿಯಲ್ಲಿ ರಾಜಕುಮಾರ.

"ಚೆನ್ನಾಗಿದೆ," ಎಂದ ಅವನು.

"ನಿಂತಾಗ ಎಲ್ಲವೂ ಸರಿ ಕಾಣ್ತದೆ. ಕೂತು ನೋಡಿ," ಎಂದರು ಕಾಕ, ಎಂದಿನಂತೆ ಕನ್ನಡದಲ್ಲೇ. ಬಾಲ್ಯದಿಂದ ಕೇಳಿದ ಆ ಮಾತು ಅವನಿಗೆ ಅರ್ಥವಾಗುತ್ತಿತ್ತು.

ಕಾಕ ನೆಲದ ಮೇಲೆ ದೊಡ್ಡ ತಟ್ಟೆಯಿಟ್ಟು ಊಟಕ್ಕೆ ಕೂರಿಸಿದರು. ಅಂಜಲ್ ಪಕ್ಕೆಗೆ ತಿವಿಯಿತು. ನಮಾಜಿನ ಹಾಗೆ ಬಾಗಿಸಿದರು. ಬೆನ್ನಿನ ಮೇಲೆ ಒಂಟೆಯ ಡುಬ್ಬದಂತೆ ಬಟ್ಟೆ ಎದ್ದಿತು. "ಈಗ ನಾನು ನಿಮ್ಮ ಅಜ್ಜ. ಬನ್ನಿ, ಅಪ್ಪಿಕೊಳ್ಳಿ!" ಎಂದು ತಾವೇ ತೋಳು ಚಾಚಿದರು. ಅಪ್ಪಿಕೊಂಡ ರಭಸಕ್ಕೆ ಹಿಡಿಕೆ ಕಾಕನ ಬೊಜ್ಜಿಗೆ ಬಡಿದು, "ಯಾ ಅಲ್ಲಾ, ಅಜ್ಜ ಸತ್ತೇಹೋದ!" ಎಂದು ಅವರು ಬಟ್ಟೆಯ ರಾಶಿಯ ಮೇಲೆ ಉರುಳಿದರು. ತರುಣ ಮೊದಲು ಗಾಬರಿಯಾಗಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ನಗು ತಗ್ಗಿದ ಮೇಲೆ ಕಾಕ ಅವನ ಕಾಲಬುಡದಲ್ಲಿ ಕುಳಿತು ಅಂಚಿಗೆ ಸೂಜಿ ಚುಚ್ಚುತ್ತ, ಅವನ ಮುಖ ನೋಡದೆ ಅರಬ್ಬಿಯಲ್ಲಿ ಹೇಳಿದರು: "ಮೇಲೆ ಹೋದದ್ದು ಕೆಳಗೆ ಬರ್ತದೆ ಅಂತ ಈ ವಕೀಲರು ಅವತ್ತು ಹೇಳಿದ್ರಲ್ಲ, ಅದು ಸತ್ಯ. ಅಡುಗೆಯವನ ಭುಜ ಕೇಳಿ. ಮಾವಂದಿರಿಗೆ ಬೇಡ ಅನ್ನೂದು ಕಷ್ಟ, ನಾನು ಬಲ್ಲೆ. ಅದಕ್ಕೇ ಕಿಸೆ ಹೊಲಿದಿದ್ದೇನೆ. ಅದರಲ್ಲಿ ಯಾವುದನ್ನು ಇಡೂದು ಅನ್ನೂದು ನಿಮಗೆ ಬಿಟ್ಟದ್ದು."

ಹೋಗುವಾಗ ತರುಣ ಅಂಜಲನ್ನು ಬಿಚ್ಚಿ ಕೊಡಲಿಲ್ಲ.

ಮದುವೆಗೆ ನಮ್ಮಿಬ್ಬರಿಗೂ ಕರೆಯಿತ್ತು. ದಾರಿಯುದ್ದಕ್ಕೂ ಕಾಕ ತಮ್ಮ ಹೊಲಿಗೆಯ ಪ್ರತಾಪವನ್ನು ಕೊಚ್ಚಿಕೊಳ್ಳುತ್ತಿದ್ದರೂ, ಜಿಜಾನ್ ಹತ್ತಿರವಾದಂತೆ ಸೂಜಿಯಿಲ್ಲದ ಅವರ ಬಾಯಿ ಒಣಗುತ್ತಿತ್ತು. ತರುಣ ಅಸಲಿಯನ್ನೇ ತಂದಿದ್ದರೆ? ಮರದ್ದನ್ನು ತಂದು, ಅದನ್ನು ಅವಮಾನವೆಂದು ಹಿರಿಯರು ಕೆರಳಿದರೆ? ಹಾಗಾದರೆ ಮೊದಲು ಕೇಳುವುದು ಅದನ್ನು ಕೊಟ್ಟವನಾರೆಂದೇ.

ಸಂಜೆಯ ಬೆಳಕಿನಲ್ಲಿ ಗಂಡಸರು ಸೊಂಟದಲ್ಲಿ ಬಾಗುಗತ್ತಿ ಸಿಕ್ಕಿಸಿಕೊಂಡು, ಸಾಲುಗಟ್ಟಿ ಕುಣಿಯುತ್ತಿದ್ದರು. ಮದುಮಗ ಬಂದ. ದೊಡ್ಡ ಮಾವ ಕೈಯೆತ್ತಿ ಕೂಗಿದ: "ಪರವಾನಗಿಯವನು ಎಲ್ಲಿ? ಯಲ್ಲಾ, ಗಂಡಸಾದರೆ ಹಾರಿಸು!"

ಡೋಲು ನಿಂತಿತು. ಅಡುಗೆಯವನು ಸೌಟು ಬಿಟ್ಟು ಡೇಗೆಯ ಹಿಂದೆ ಕುಕ್ಕರಿಸಿದ. ತರುಣ ಕಿಸೆಗೆ ಕೈಹಾಕಿದ. ಕಪ್ಪು ಪಿಸ್ತೂಲು ಹೊರಬಂದು ಆಕಾಶಕ್ಕೆ ಗುರಿಯಿಟ್ಟಿತು. ಕಾಕ ನನ್ನ ಮಣಿಕಟ್ಟು ಹಿಡಿದ ಬಿಗಿತ ಇಂದಿಗೂ ನೆನಪಿದೆ.

"ಢಂ!" ಎಂದ ತರುಣ, ಬಾಯಿಂದ.

ಅವನು ಪಿಸ್ತೂಲನ್ನು ಮಾವನ ಅಂಗೈಯಲ್ಲಿಟ್ಟ. ಮಾವ ಅದನ್ನು ತಿರುಗಿಸಿ, ತಟ್ಟಿ, ಬೆರಳಿಗೆ ಅಂಟಿದ ಬೂಟ್ ಪಾಲಿಶನ್ನು ದಿಟ್ಟಿಸಿದ. ಮೊದಲು ನಕ್ಕವರು ದಿಂಬಿಗೊರಗಿದ್ದ ಅಜ್ಜ. "ನನ್ನ ಕಾಲದಲ್ಲಿ ಇದಿದ್ದರೆ ಎಷ್ಟು ಗುಂಡು ಉಳಿಯುತ್ತಿತ್ತೋ! ಇತ್ತ ತಾ, ನಾನೂ ಒಂದು ಹಾರಿಸುತ್ತೇನೆ," ಎಂದು ಅದನ್ನು ಕಸಿದು, ಹಲ್ಲಿಲ್ಲದ ಬಾಯಲ್ಲಿ "ಫಂ!" ಎಂದರು. ಆಮೇಲೆ ಸರದಿಯೇ ಸರದಿ. ಮದುಮಗ ಹಾರಿಸಿದ, ಕಫೀಲ್ ಹಾರಿಸಿದರು, ಕೊನೆಗೆ ದೊಡ್ಡ ಮಾವನೂ ಹಾರಿಸಿದ. ಡೇಗೆಯ ಹಿಂದಿನಿಂದ ಎದ್ದ ಅಡುಗೆಯವನು ಭುಜ ಹಿಡಿದು "ಅಯ್ಯಯ್ಯೋ, ಮತ್ತೆ ತಾಗಿತು ಮಾರಾಯ್ರೆ!" ಎಂದು ನರಳಿದಾಗ ಭಾಷೆ ಬಾರದವರೂ ಬಿದ್ದುಬಿದ್ದು ನಕ್ಕರು.

"ತೋಬು ಹೇಗೆ ಕೂತಿದೆ ನೋಡಿ," ಎಂದರು ಕಾಕ, ನನ್ನ ಕೈ ಬಿಡುತ್ತ. "ಅಷ್ಟು ತೂಕ ಇದ್ರೂ ಒಂದು ನೆರಿಗೆ ಇಲ್ಲ."

ಕೆಲವು ವರ್ಷಗಳ ಬಳಿಕ ಕಾಕ ಇಕಾಮಾ ಮುಗಿಸಿ ಊರಿಗೆ ಮರಳಿದರು. ಉಳಿದೆರಡು ಮರದ ಪಿಸ್ತೂಲುಗಳನ್ನು ಒಯ್ಯುವ ಆಸೆಯಿತ್ತು. "ಏರ್‌ಪೋರ್ಟಿನವರಿಗೆ ಇದು ಬಂಗುಡೆ ಅಂತ ಹೇಳಿದ್ರೆ ನಂಬ್ತಾರಾ?" ಎಂದು ತಾವೇ ನಕ್ಕು, ಬಿಟ್ಟುಹೋದರು. ಕಳೆದ ವರ್ಷ ಮಲ್ಪೆಯಿಂದ ಅವರ ಮರಣವಾರ್ತೆ ಬಂತು. ಸುದ್ದಿ ತಿಳಿಸಲು ಹೋದಾಗ ತರುಣ ಒಳಗಿನಿಂದ ಆ ಮದುವೆಯ ತೋಬು ತಂದು ತೋರಿಸಿದ. ಈಗ ಅದು ಅವನಿಗೆ ಬಿಗಿ. ಕಿಸೆಯಲ್ಲಿ ಅಂಜಲ್ ಇನ್ನೂ ಇತ್ತು. ಅವನ ಅಸಲಿ ಪಿಸ್ತೂಲು ಮನೆಯ ತಿಜೋರಿ ಬಿಟ್ಟು ಯಾವ ಮದುವೆಗೂ ಹೋಗಿಲ್ಲವಂತೆ.

ಆಯುಧವಿಲ್ಲದ ಸಮಾಜದ ಬಗ್ಗೆ ನಾನೀಗಲೂ ವಾದಿಸುತ್ತೇನೆ. ಶುಕ್ರವಾರ ನಮ್ಮವರ ಮಕ್ಕಳಿಗೆ ಚರ್ಚೆಯ ಪಾಠ ಹೇಳಿಕೊಡುತ್ತೇನೆ. ಮಕ್ಕಳು ಎದ್ದು, ಎದೆಯುಬ್ಬಿಸಿ, ಎದುರುಪಕ್ಷವನ್ನು ಪುಡಿಗಟ್ಟಲು ಸಿದ್ಧರಾದಾಗ ನಾನು ಅವರನ್ನು ತಡೆದು, ಎದುರಾಳಿಯ ಪಕ್ಕದಲ್ಲಿ ಕುರ್ಚಿ ಹಾಕಿಸುತ್ತೇನೆ.

"ನಿಂತಾಗ ಎಲ್ಲವೂ ಸರಿ ಕಾಣ್ತದೆ," ಎನ್ನುತ್ತೇನೆ. "ಕೂತು ನೋಡಿ."