ಕಮಲಾಪುರಕ್ಕೆ ಒಯ್ದ ಉಸುಕು, ಅಲ್ಲಿಂದ ತಂದ ಒಲ್ಲೆ

ಕಲಬುರಗಿ ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳೂವರೆಗೆ ಹೊರಟ ಬಸ್ಸಿನಲ್ಲಿ ನನಗೆ ಸೊನ್ನೆ ರೂಪಾಯಿ ಟಿಕೆಟ್ಟು ಸಿಕ್ಕಿತು. ನನ್ನ ಉಸುಕಿಗೆ ಇಪ್ಪತ್ತು ರೂಪಾಯಿ ಬಿತ್ತು. ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ, ಎರಡು ಎಣ್ಣೆ ಡಬ್ಬಿ ತುಂಬಿದ ಉಸುಕಿಗೆ ಪುಕ್ಕಟೆಯಲ್ಲ.

"ಡಬ್ಬ್ಯಾಗ ಏನದರಿ?" ಎಂದು ಕಂಡಕ್ಟರ್ ಕೇಳಿದರು.

"ಉಸುಕ್ರಿ."

"ಮನಿ ಕಟ್ಟಾಕತ್ತೀರೇನು?"

"ಇಲ್ರಿ, ಮಕ್ಕಳಿಗೆ ಆಡಾಕ."

"ಕಮಲಾಪುರದಾಗ ಮಕ್ಕಳಿಗೆ ಆಡಾಕ ಮಣ್ಣಿಲ್ಲೇನ್ರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಇದು ಚಿಕಿತ್ಸೆಯ ಉಸುಕು, ಮೂರು ಸಲ ತೊಳೆದು ನಮ್ಮ ಮಾಳಿಗೆಯ ಮೇಲೆ ಒಣಗಿಸಿದ್ದು ಎಂದು ಹೇಳಬೇಕೆನಿಸಿತು. ಹೇಳಿದ್ದರೆ ಇನ್ನೂ ನಗುತ್ತಿದ್ದರು, ಬಾಯಿ ಮುಚ್ಚಿಕೊಂಡು ಕೂತೆ.

ನಾನು ಕಲಬುರಗಿಯ ಬ್ರಹ್ಮಪುರದವಳು, ಮನಃಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ದೊಡ್ಡವರ ಕೈಯಲ್ಲಿ ಹಿಂಸೆ ಉಂಡ ಮಕ್ಕಳಿಗೆ ಆಟದಿಂದ ಚಿಕಿತ್ಸೆ ಕೊಡುವುದು ಹೇಗೆ ಎಂಬುದು ನನ್ನ ವಿಷಯ. ಅಂಥ ಮಗುವನ್ನು ಏನಾಯಿತು ಎಂದು ಕೇಳಬಾರದು. ಮುಂದೆ ಒಂದು ತಟ್ಟೆ ಉಸುಕು, ನಾಲ್ಕು ಗೊಂಬೆ ಇಡಬೇಕು. ಮಗು ತನಗೆ ತೋಚಿದ್ದನ್ನು ಕಟ್ಟುತ್ತದೆ, ನಾವು ಹತ್ತಿರ ಸುಮ್ಮನೆ ಕೂರಬೇಕು. ಸುಮ್ಮನೆ ಕೂರುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು ಎಂದರೆ ನಮ್ಮ ಮನೆಯವರು ಯಾರೂ ನಂಬುವುದಿಲ್ಲ.

ಕಮಲಾಪುರದ ಮಕ್ಕಳ ಆಶ್ರಯಧಾಮವೊಂದರಲ್ಲಿ ಐದು ಮಕ್ಕಳಿದ್ದರು. ಮೇಲಿನವರ ಅನುಮತಿಗಳೆಲ್ಲ ಎಂಟು ತಿಂಗಳು ಅಲೆದ ಮೇಲೆ ಸಿಕ್ಕಿದ್ದವು. ಇನ್ನು ಬೇಕಾದದ್ದು ಆ ಮಕ್ಕಳದೇ ಒಪ್ಪಿಗೆ. ನಗುಮುಖ, ಅಳುಮುಖ ಎರಡೂ ಇರುವ ಹಾಳೆಯಲ್ಲಿ ಒಂದಕ್ಕೆ ಗುರುತು ಹಾಕಬೇಕಿತ್ತು. "ನೀ ಹೋಗಿ ಬಂದ ಮರುದಿನ ವಿಶ್ವವಿದ್ಯಾಲಯದ ಸಮಿತಿ ಮುಂದ ಇಡಬೇಕು. ಐದೂ ಸರಿಯಾಗಿ ತಾ. ಇಲ್ಲಂದ್ರ ನಿನಗ ಪರೀಕ್ಷಾ ಭಯದ ವಿಷಯ ಕೊಡ್ತೇನಿ" ಎಂದು ನನ್ನ ಗೈಡ್ ಮೇಡಂ ಎಚ್ಚರಿಸಿದ್ದರು. ಪರೀಕ್ಷಾ ಭಯದ ಮೇಲೆ ಸಂಶೋಧನೆ ಮಾಡುವುದಕ್ಕಿಂತ ಮತ್ತೊಮ್ಮೆ ಪರೀಕ್ಷೆ ಬರೆಯುವುದು ನನಗೆ ವಾಸಿ.

ಉಸುಕು ಎರಡು ಡಬ್ಬಿಯಾದದ್ದಕ್ಕೂ ಒಂದು ಕಾರಣವಿದೆ. ಹಿಂದಿನ ವಾರ ನೆಹರು ಗಂಜಿನ ಪೇಟೆಗೆ ಉಸುಕು ಹರಡಲು ಒಂದು ಸಣ್ಣ ಪರಾತ, ಅಂದರೆ ಅಗಲ ತಟ್ಟೆ, ಕೊಳ್ಳಲು ಹೋಗಿದ್ದೆ. ಅಂಗಡಿಯ ಚಾಚಾ ಹಿಟ್ಟು ನಾದುವ ದೊಡ್ಡ ಪರಾತ ತೆಗೆದು, "ಬಡಾ ಲೇ ಜಾವ್ ಬೇಟಿ, ಶಾದಿಗೂ ಆಗ್ತದ" ಎಂದರು. ನನಗೆ ಮದುವೆ ಗೊತ್ತಾಗಿಲ್ಲ. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಪರಾತ ದೊಡ್ಡದಾಯಿತು, ಅದರ ಹಿಂದೆ ಉಸುಕೂ ದೊಡ್ಡದಾಯಿತು. ಸಂಕೋಚದವಳು ಸಂತೆಗೆ ಹೋಗಬಾರದು ಎಂದು ಅವ್ವ ಬೈದಳು.

ಕಮಲಾಪುರ ನಲವತ್ತು ಕಿಲೋಮೀಟರಿನ ಆಚೀಚೆ. ಮಾರ್ಚಿನ ಮೊದಲ ವಾರ, ಎಂಟು ಗಂಟೆಗೇ ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ. ತೊಗರಿ ಕಟಾವಾದ ಹೊಲಗಳು ಎರಡೂ ಬದಿಗೆ ಬೋಳಾಗಿದ್ದವು. ಪಕ್ಕದ ಸೀಟಿನ ಅಜ್ಜಿ ಗಂಟು ಬಿಚ್ಚಿ ಒಗ್ಗರಣೆ ಮಂಡಕ್ಕಿಯ ಸೂಸಲಾ ಕೊಟ್ಟರು. ತಿಂದೆ. ಮಿರ್ಚಿ ಭಜಿ ಕೊಟ್ಟರು. ಒಲ್ಲೆರಿ ಎಂದೆ. ಎರಡು ಕೊಟ್ಟರು.

ಇದು ನಮ್ಮ ಕಡೆಯ ರೀತಿ, ಬೇರೆ ಊರಿನ ಓದುಗರಿಗೆ ಹೇಳಿಬಿಡುತ್ತೇನೆ. ಉಣ್ಣಲು ಕೂತವರು ಒಲ್ಲೆ ಎಂದರೆ ಬಡಿಸುವವರು ಕೈ ಹಿಂದೆ ತೆಗೆಯುವುದಿಲ್ಲ. ಒಂದೇ ಮಾತಿಗೆ ಕೈ ತೆಗೆದರೆ ಆ ಮನೆಯವರು ಜಿಪುಣರು. ಎಲೆಗೆ ಅಡ್ಡ ಕೈ ಇಟ್ಟರೆ ಕೈಯ ಮೇಲೇ ಬಡಿಸುತ್ತಾರೆ. ಇಷ್ಟು ವರ್ಷ ಇದರಲ್ಲಿ ನನಗೆ ಪ್ರೀತಿ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಒಂಬತ್ತಕ್ಕೆ ಸ್ವಲ್ಪ ಮೊದಲು ಇಳಿದೆ. ಕೆಂಪು ಬಾಳೆಯ ಗೊನೆಗಳು ಗಾಡಿಗಳ ಮೇಲೆ ತೂಗುತ್ತಿದ್ದವು. ಆಟೋದವರು ಡಬ್ಬಿ ಎತ್ತಿ, ಸೊಂಟ ಹಿಡಿದುಕೊಂಡು ನಲವತ್ತು ರೂಪಾಯಿ ಕೇಳಿದರು, ಕೊಟ್ಟೆ. ಧಾಮ ಊರಾಚೆ ಒಂದು ಬೇವಿನ ಮರದ ಕೆಳಗಿತ್ತು. ಅದನ್ನು ನೋಡಿಕೊಳ್ಳುವ ಶಾಂತಾಬಾಯಿ ಬಾಗಿಲಲ್ಲೇ ಕಾದಿದ್ದರು, ಐವತ್ತು ದಾಟಿದ ಗಟ್ಟಿ ಹೆಂಗಸು.

"ಬರ್ರಿ ಬರ್ರಿ, ಮೊದಲು ಊಟ ಮಾಡ್ರಿ."

"ಈಗ ಒಂಬತ್ತು ಗಂಟಿ ಅಕ್ಕಾರ."

"ಹಂಗಾದ್ರ ಎರಡೇ ರೊಟ್ಟಿ."

ಎರಡು ಎಂದರೆ ನಾಲ್ಕಾದವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಾಲ್ಕನೆಯದು ಅರ್ಧ ಇಳಿದಾಗ ಅವರು ಹಿಗ್ಗಿನಿಂದ ಐದು ಹಾಳೆ ತಂದು ನನ್ನ ಮಡಿಲಿಗೆ ಹಾಕಿದರು. ನಾನು ಮುಂಚೆಯೇ ಅಂಚೆಯಲ್ಲಿ ಕಳಿಸಿದ್ದ ಒಪ್ಪಿಗೆ ಹಾಳೆಗಳು ಅವು. ಐದರಲ್ಲೂ ನಗುಮುಖಕ್ಕೆ ಒಂದೇ ಅಳತೆಯ ದುಂಡನೆಯ ಗುರುತು ಬಿದ್ದಿತ್ತು.

"ಪಾಪ, ನೀವು ಬಿಸಿಲಾಗ ಬರ್ತೀರಿ ಅಂತ ನಿನ್ನೆನೇ ಮುಗಿಸೀನ್ರಿ. ನನ್ನ ಕೈಬಳಿ ಇಟ್ಟು ಗುರುತು ಹಾಕಿಸೀನಿ, ಭಾಳ ಛಂದ ಬಂದಾವ. ಮನಿಗೆ ಬಂದವರಿಗೆ ಒಲ್ಲೆ ಅನಬಾರದು ಅಂತ ಹೇಳೀನಿ."

ಹೊರಗೆ ಬಂದು ಮೇಡಂಗೆ ಫೋನು ಮಾಡಿದೆ. ಬಳೆಯ ಗುರುತಿನ ಕಥೆ ಹೇಳಿದೆ. ಅವರು ಕೇಳಿದರು: "ಆ ಮಕ್ಕಳಿಗೆ ಒಲ್ಲೆ ಅನ್ನಾಕ ಬರ್ತದೇನು? ಒಲ್ಲೆ ಅಂದಾಗ ಯಾರರೆ ಕೇಳ್ಯಾರೇನು? ಕೇಳಿದ್ರ ಅಲ್ಲಿಗ್ಯಾಕ ಬರ್ತಿದ್ರು?" ಫೋನು ಇಟ್ಟರು. ಎರಡು ವರ್ಷ ಓದಿದ ನನಗೆ ಹೊಳೆಯದ ಮಾತು ಅದು.

ಹಾಳೆಗಳನ್ನು ಚೀಲದಲ್ಲಿಟ್ಟು ಐದು ಮಕ್ಕಳನ್ನೂ ಬೇವಿನ ಕೆಳಗೆ ಕೂರಿಸಿದೆ. ಒಲ್ಲೆ ಆಟ ಆಡೋಣ ಎಂದೆ. ಒಬ್ಬರು ಏನಾದರೂ ಕೊಡಬೇಕು. ಇನ್ನೊಬ್ಬರು ಒಲ್ಲೆ ಎನ್ನಬೇಕು. ಎಂದ ಕೂಡಲೇ ಕೊಡುವವರು ಕೈ ಹಿಂದೆ ತೆಗೆಯಬೇಕು, ಇನ್ನೊಮ್ಮೆ ಕೇಳಿದರೆ ಔಟ್.

ಮೊದಲು ಸೋತವಳು ನಾನೇ. ಏಳು ವರ್ಷದ ಒಬ್ಬಳು ಬೇವಿನ ಎಲೆ ಹಿಡಿದು, "ತಗೋರಿ ಅಕ್ಕಾರ" ಎಂದಳು, ತೆಗೆದುಕೊಂಡುಬಿಟ್ಟೆ. ಎರಡನೆಯ ಸಲ ಒಂದು ಕಲ್ಲು ತೆಗೆದುಕೊಂಡೆ. ಮೂರನೆಯ ಸಲ ಇನ್ನೊಬ್ಬಳ ಚಪ್ಪಲಿ. ಮಕ್ಕಳು ಬಿದ್ದು ಬಿದ್ದು ನಕ್ಕವು. ಶಾಂತಾಬಾಯಿಯನ್ನೂ ಕರೆದೆವು. ಅವರ ಅವಸ್ಥೆ ನನಗಿಂತ ಕಡೆ. ಮಗು ಒಲ್ಲೆ ಎಂದರೆ, "ಅರ್ಧಾದರೂ ತಗೋ" ಎಂದು ಔಟಾದರು. "ನನ್ನ ಆಣಿ ಅದ" ಎಂದು ಮತ್ತೆ ಔಟಾದರು. ಅರ್ಧ ಗಂಟೆಯಲ್ಲಿ ಆ ಅಂಗಳದಲ್ಲಿ ಬಿದ್ದಷ್ಟು ಒಲ್ಲೆಗಳು ನಮ್ಮ ಓಣಿಯ ಹತ್ತು ಮದುವೆಗಳಲ್ಲೂ ಬಿದ್ದಿರಲಿಕ್ಕಿಲ್ಲ.

ಆಮೇಲೆ ಹೊಸ ಹಾಳೆ ಹಿಡಿದು ಒಬ್ಬೊಬ್ಬರನ್ನೇ ಕರೆದು, ಇದರಲ್ಲೂ ಆಟದ ನಿಯಮವೇ ಎಂದು ಹೇಳಿ, ನೀನು ಉಸುಕಿನಲ್ಲಿ ಕಟ್ಟುವುದನ್ನು ನೋಡಿ ನನ್ನ ಪುಸ್ತಕದಲ್ಲಿ ಬರೆದುಕೊಳ್ಳಲೇ ಎಂದು ಕೇಳಿದೆ. ನಾಲ್ವರು ಯೋಚಿಸಿ ಹೂಂ ಎಂದರು. ಗುರುತುಗಳು ಸೊಟ್ಟಪಟ್ಟ ಬಂದವು, ನೋಡಿ ಸಂತೋಷವಾಯಿತು. ಕೊನೆಗೆ ಒಂಬತ್ತು ವರ್ಷದ ಒಬ್ಬಳು ಬಂದಳು. ಆಟದಲ್ಲಿ ಅವಳು ನಕ್ಕಿರಲಿಲ್ಲ, ಎಲ್ಲರ ಕೈಗಳನ್ನೇ ನೋಡುತ್ತ ಕೂತಿದ್ದಳು.

"ಒಲ್ಲೆ ಅಂದ್ರ ಊಟ ಬಂದ್ ಮಾಡ್ತಾರೇನ್ರಿ?"

"ಇಲ್ಲವ್ವ."

"ನೀವು ಸಿಟ್ಟಿಗೇಳ್ತೀರೇನು?"

"ಇಲ್ಲ."

"ನಾಳಿ ಮತ್ತ ಕೇಳ್ತೀರೇನು?"

ನಾಳೆ ನೋಡೋಣ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ರಕ್ತದಲ್ಲೇ ಇರುವ ಮಾತದು. ನುಂಗಿಕೊಂಡೆ. "ಕೇಳಂಗಿಲ್ಲ. ನಿನಗ ಬೇಕನಿಸಿದ್ರ ನೀನ ಹೇಳು."

"ಹಂಗಾದ್ರ ಒಲ್ಲೆ."

ಐದರಲ್ಲಿ ಒಂದು ಹೋಯಿತು. ಎಂಟು ತಿಂಗಳ ಅಲೆದಾಟ ಕಣ್ಣ ಮುಂದೆ ಬಂತು, ಪರೀಕ್ಷಾ ಭಯವೂ ಬಂತು. ನಿಜ ಹೇಳುತ್ತೇನೆ, ನನಗೆ ಅಳು ಬಂತು. ಬಾಗಿಲ ಬಳಿಯಿಂದ ಶಾಂತಾಬಾಯಿ, "ಹಂಗನಬಾರದವ್ವ, ಪಾಪ ಅಷ್ಟು ದೂರದಿಂದ ಬಂದಾರ" ಎಂದರು.

"ಬ್ಯಾಡ್ರಿ ಅಕ್ಕಾರ. ಅಕಿ ಒಲ್ಲೆ ಅಂದಾಳ. ಮುಗೀತು."

ಹುಡುಗಿ ನನ್ನನ್ನೊಮ್ಮೆ, ಶಾಂತಾಬಾಯಿಯನ್ನೊಮ್ಮೆ ನೋಡಿದಳು. ಶಾಂತಾಬಾಯಿ ಇನ್ನೇನೋ ಹೇಳಲು ಬಾಯಿ ತೆರೆದವರು, "ನಾ ಔಟ್" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅಳುಮುಖಕ್ಕೆ ಗುರುತು ಹಾಕಲು ಹಾಳೆ ಕೊಟ್ಟೆ. ಹುಡುಗಿ ಅಳುಮುಖವನ್ನು ನೋಡಿ, "ನಾ ಅಳಾಕತ್ತಿಲ್ಲಲ್ರಿ" ಎಂದಳು. ಪೆನ್ನಿನಿಂದ ಅದರ ಬಾಯಿಯನ್ನು ನೆಟ್ಟಗೆ ಮಾಡಿ ಆಮೇಲೆ ಗುರುತು ಹಾಕಿದಳು.

"ಉಸುಕಿನಾಗ ಆಡಾಕೂ ಹಾಳಿ ಬೇಕೇನ್ರಿ?" ಎಂದಳು. ಬೇಡ, ಉಸುಕು ಎಲ್ಲರದು ಎಂದೆ. ಮದುವೆಯ ಪರಾತದ ಮುಂದೆ ಒಬ್ಬಳೇ ಹೋಗಿ ಕೂತಳು. ನಾನು ಪುಸ್ತಕ ಮುಚ್ಚಿ ಪೆನ್ನು ಚೀಲಕ್ಕೆ ಹಾಕಿದೆ. ಒಂದು ತಾಸು ಅವಳು ಅದರಲ್ಲೇನೋ ಕಟ್ಟಿದಳು. ಕಟ್ಟಿ ಮುಗಿದ ಮೇಲೆ ನನ್ನನ್ನು ಕರೆದು ತೋರಿಸಿದಳು.

ಮೂರು ಗಂಟೆಗೆ ಮೇಡಂಗೆ ಮತ್ತೆ ಫೋನು ಮಾಡಿ, ನಾಲ್ಕು ಹೂಂ, ಒಂದು ಒಲ್ಲೆ ಎಂದೆ. "ಐದೂ ಹಾಳಿ ತಾ" ಎಂದರು. "ಆ ಒಂದು ಒಲ್ಲೆ ಅದ ಅಂತ ಉಳಿದ ನಾಕು ನಾ ನಂಬ್ತೀನಿ. ಸಮಿತಿಗೆ ನಾ ಹೇಳ್ತೀನಿ." ಪರೀಕ್ಷಾ ಭಯ ಹೋಯಿತು.

ಹೊರಡುವಾಗ ಆ ಹುಡುಗಿ ಗೇಟಿನವರೆಗೆ ಬಂದು ಕೆಂಪು ಬಾಳೆಹಣ್ಣು ಚಾಚಿದಳು. "ತಗೋರಿ ಅಕ್ಕಾರ." ಕೈ ಅರ್ಧ ಮುಂದೆ ಹೋಗಿತ್ತು, ಹಿಡಿದು ನಿಲ್ಲಿಸಿದೆ. "ಒಲ್ಲೆ" ಎಂದೆ. ಅವಳು ಥಟ್ಟನೆ ಕೈ ಹಿಂದೆ ತೆಗೆದು, ಸಿಪ್ಪೆ ಸುಲಿದು ತಾನೇ ತಿಂದಳು. ಆ ದಿನ ಅವಳು ನಕ್ಕದ್ದನ್ನು ಮೊದಲು ಕಂಡದ್ದು ಆಗ. ನನಗೆ ಹಸಿವಾಗಿತ್ತು, ಆ ಮಾತು ಬೇರೆ.

ಬಸ್ಸಿನಲ್ಲಿ ಅದೇ ಕಂಡಕ್ಟರ್. "ಉಸುಕೆಲ್ಲಿ ಹೋತ್ರಿ?" ಎಂದರು. ಮಕ್ಕಳ ಹತ್ತಿರ ಬಿಟ್ಟು ಬಂದೆ ಎಂದಾಗ, "ಅಲ್ಲೆ ಮಣ್ಣಿರಲಿಲ್ಲ ಅನ್ನು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಬ್ರಹ್ಮಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವನ ಮುಂದೆ ಉಣ್ಣುತ್ತ ಎಲ್ಲವನ್ನೂ ಹೇಳಿದೆ.

"ಆ ಹುಡುಗಿ ಉಸುಕಿನಾಗ ಏನು ಕಟ್ಟಿದಳು?" ಎಂದು ಅವ್ವ ಕೇಳಿದಳು.

"ಹೇಳಂಗಿಲ್ಲ. ಅಕಿ ಒಲ್ಲೆ ಅಂದಾಳ."

"ನನ್ನ ಮುಂದರೆ ಹೇಳು." ಅವ್ವ ಒಲ್ಲೆ ಎಂದರೂ ಕೇಳದೆ ಇನ್ನೊಂದು ರೊಟ್ಟಿ ಹಾಕಿದಳು, ಮತ್ತೆ ಕೇಳಿದಳು, ಮತ್ತೊಂದು ಹಾಕಿದಳು. ರೊಟ್ಟಿ ಎರಡೂ ತಿಂದೆ. ಅದನ್ನು ಮಾತ್ರ ಹೇಳಲಿಲ್ಲ.