ಎಂಟು ಮಿಂಚುಗಳು

ನನ್ನ ಸೊಸೆಗೆ ಮನೆಯಲ್ಲಿ ಜರಡಿ ಎಂದು ಹೆಸರಿಟ್ಟವಳು ನಾನೇ. ಅವಳ ಕೆಲಸವೇ ಅಂಥದು. ಊರಾಚೆಯ ಹಳೇ ಗಣಿಯ ತಳದಲ್ಲಿ ಒಂದು ದೊಡ್ಡ ತೊಟ್ಟಿಯಿದೆ. ಅದರ ತುಂಬ ದ್ರವ, ಸುತ್ತ ಕಗ್ಗತ್ತಲು. ಯಾವ ಕಣ ಬಂದು ತಾಗಿದರೂ ಅಲ್ಲೊಂದು ಪುಟ್ಟ ಮಿಂಚು ಹೊಳೆಯುತ್ತದೆ, ಕಂಪ್ಯೂಟರ್ ಅದನ್ನು ಹಿಡಿದಿಡುತ್ತದೆ. ಬಂಡೆಯಿಂದ, ಲೋಹದಿಂದ, ಒಂದೊಂದು ತಿರುಪುಮೊಳೆಯಿಂದ ಬರುವ ಗೊತ್ತಿರುವ ಮಿಂಚುಗಳೇ ಕೋಟಿಗಟ್ಟಲೆ. ಅವನ್ನೆಲ್ಲ ಜರಡಿ ಹಿಡಿದು ತೆಗೆದ ಮೇಲೆ, ಈವರೆಗೆ ಯಾರೂ ಕಾಣದ ಕಣದ ಮಿಂಚು ಒಂದಾದರೂ ಉಳಿಯುತ್ತದೆಯೇ ಎಂದು ನೋಡಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ಮಾಡಿದ್ದು ಇದನ್ನೇ. ಉಳಿದದ್ದು ಸೊನ್ನೆ.

"ಇಷ್ಟು ವರ್ಷ ನಾನು ಕಾಳು ಆರಿಸಿದ್ರೆ ಒಂದು ಕಲ್ಲಾದ್ರೂ ಸಿಕ್ತಿತ್ತು ಕಣೇ," ಎಂದು ರೇಗಿಸುತ್ತಿದ್ದೆ.

ಮೊದಮೊದಲು ನಗುತ್ತಿದ್ದಳು. ಈ ಸಲದ ದಾಖಲೆಯಲ್ಲೂ ಏನೂ ಸಿಗದಿದ್ದರೆ ತೊಟ್ಟಿ ಬರಿದು ಮಾಡಿ ಗಣಿಗೆ ಬೀಗ ಜಡಿಯುವುದಾಗಿ ಮೇಲಿನವರು ಹೇಳಿದ ಮೇಲೆ ನಗು ನಿಂತಿತು. ತಟ್ಟೆಯ ಮುಂದೆ ಕೂತು ಊಟವನ್ನೇ ಮರೆಯುತ್ತಿದ್ದಳು.

"ಅದು ಇಲ್ಲವೇ ಇಲ್ವೇನೋ ಅತ್ತೆ," ಎಂದಳು ಒಮ್ಮೆ. "ಇಲ್ಲದೇ ಇರೋದನ್ನ ಹುಡುಕ್ತಾ ನನ್ನ ಆಯಸ್ಸೆಲ್ಲ ಹೋಯ್ತೇನೋ."

ಆರಿಹೋದ ಸಾರನ್ನು ಮತ್ತೆ ಬಿಸಿ ಮಾಡಿ ತಂದು ಅವಳ ತಟ್ಟೆಗೆ ಬಡಿಸಿದೆ.

ಒಂದು ಮಧ್ಯಾಹ್ನ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. "ಎಂಟು ಉಳಿದಿವೆ ಅತ್ತೆ, ಎಂಟು! ಏಳು ಆಗಲೇ ಸಿಕ್ಕಿದ್ವು, ಬಾಯಿ ಮುಚ್ಕೊಂಡಿದ್ದೆ. ಇವತ್ತು ಎಂಟನೇದು. ಎಷ್ಟು ಮಸುಕು ಅಂತೀರಿ!"

ಅಲ್ಲೇ ಮೇಜಿನ ಮೇಲೆ ನನ್ನ ಮಗ ಈರುಳ್ಳಿ ಹೆಚ್ಚುತ್ತಿದ್ದ. ಅವನೂ ಅದೇ ಗಣಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. "ಒಳ್ಳೇದಾಯ್ತು," ಎಂದವನು ತಲೆಯೆತ್ತದೆ ಹೆಚ್ಚುವುದನ್ನು ಮುಂದುವರಿಸಿದ. ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ತಲೆ ನರೆಸಿಕೊಂಡವಳು. ಕೆಟ್ಟ ರಿಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು "ಊಟ ಆಯ್ತಾ?" ಎಂದು ರೋಗಿಯನ್ನು ಕೇಳುವ ಡಾಕ್ಟರ ಮುಖ ನನಗೆ ಗೊತ್ತು. ಅದೇ ಮುಖ.

ಗಣಿಯವರಲ್ಲಿ ಒಂದು ಪದ್ಧತಿಯಿದೆ. ಅದಕ್ಕೆ ಉಪ್ಪು ಹಾಕುವುದು ಎನ್ನುತ್ತಾರೆ. ಹುಡುಕುವವರು ಆಸೆಗೆ ಬಿದ್ದು ಮೈಮರೆಯದಿರಲಿ ಎಂದು, ನಿರ್ದೇಶಕರು ಗುಟ್ಟಾಗಿ ಒಬ್ಬರನ್ನು ಆರಿಸುತ್ತಾರೆ. ಅವರು ದಾಖಲೆಯೊಳಗೆ ಸುಳ್ಳು ಮಿಂಚುಗಳನ್ನು ಬೆರೆಸಬಹುದು, ಬೆರೆಸದೆಯೂ ಇರಬಹುದು. ಪರೀಕ್ಷೆಯೆಲ್ಲ ಮುಗಿದ ಮೇಲೆ, ಬೆರೆಸಿದ್ದರೆ ಎಲ್ಲರೆದುರು ಎದ್ದು ನಿಲ್ಲಬೇಕು. ಯಾರೂ ಏಳದಿದ್ದರೆ ಸಿಕ್ಕಿದ್ದೆಲ್ಲ ನಿಜ.

"ಈ ಸಲ ಹಾಕಿಲ್ಲ ಅತ್ತೆ," ಎನ್ನುತ್ತಿದ್ದಳು ಸೊಸೆ. "ಮುಚ್ಚೋ ತೊಟ್ಟಿಗೆ ಯಾರು ಉಪ್ಪು ಹಾಕ್ತಾರೆ?"

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಮಗನನ್ನು ಹಿಡಿದೆ. "ನೀನೇ ಏನೋ?"

"ಕೇಳ್ಬೇಡಮ್ಮ."

"ಅವಳು ನಿನ್ನ ಹೆಂಡ್ತಿ ಕಣೋ!"

"ಹೇಳಿಬಿಟ್ರೆ ಅವಳ ಕೆಲಸಕ್ಕೇ ಬೆಲೆ ಇರಲ್ಲ. ಆಮೇಲೆ ಅವಳೇ ನನ್ನ ಕ್ಷಮಿಸಲ್ಲ," ಎಂದು ಬಕೆಟ್ ಎತ್ತಿಕೊಂಡು ಇಳಿದುಹೋದ. ಹೆತ್ತ ಮಗನಾದರೇನು, ಕೆನ್ನೆಗೆರಡು ಬಿಗಿಯಬೇಕೆನಿಸಿತು. ಆದರೂ ನಾನು ಬಾಯಿ ಬಿಡಲಿಲ್ಲ. ಪರೀಕ್ಷೆ ಮುಗಿಯುವವರೆಗೂ ಅವಳು ಮನೆಯೆಲ್ಲ ಹಾಡು ಗುನುಗುತ್ತ ಓಡಾಡಿದಳು.

ಆ ದಿನ ಸಭೆಗೆ ಮನೆಯವರನ್ನೂ ಕರೆದಿದ್ದರು. ಪರದೆಯ ಮೇಲೆ ಎಂಟು ಚುಕ್ಕೆಗಳನ್ನು ತೋರಿಸಿ ಸೊಸೆ ಮಾತು ಮುಗಿಸಿದಳು. ನಿರ್ದೇಶಕರು, "ಉಪ್ಪು ಹಾಕಿದವರು ಇದ್ರೆ ಎದ್ದು ನಿಲ್ಲಿ," ಎಂದರು. ಯಾರೂ ಏಳಲಿಲ್ಲ. ಅವಳು ಮುಂದಿನ ಸಾಲು ನೋಡಿದಳು, ಹಿಂದಿನ ಸಾಲು ನೋಡಿದಳು, ಬಾಗಿಲು ನೋಡಿದಳು. ಏಳಬೇಡವೋ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ನನ್ನ ಪಕ್ಕ ಮಗನ ಕುರ್ಚಿ ಕಿರುಗುಟ್ಟಿತು. ನೀರು ತರಲು ಎದ್ದನೆಂದುಕೊಂಡು ಅವಳು ಗಂಡನನ್ನು ನೋಡಿ ನಕ್ಕಳು.

"ಎಂಟು ಹಾಕಿದ್ದೆ," ಎಂದ ಮಗ. "ಎಂಟೂ ಅವಳಿಗೆ ಸಿಕ್ಕಿವೆ."

ಸಭೆಯೆಲ್ಲ ಚಪ್ಪಾಳೆ. ಇಷ್ಟು ಶುದ್ಧವಾದ ಕೆಲಸ ತಾವು ಕಂಡೇ ಇಲ್ಲವೆಂದು ನಿರ್ದೇಶಕರು ಅವಳ ಕೈ ಕುಲುಕಿದರು. ಅವಳೂ ಚಪ್ಪಾಳೆ ತಟ್ಟಿದಳು, ಏನು ಮಾಡುತ್ತಿದ್ದೇನೆಂದು ತಿಳಿಯದವಳ ಹಾಗೆ.

ಮನೆಗೆ ಬಂದ ಕೂಡಲೇ ನಾನು ಮಗನ ಮೇಲೆ ಹರಿಹಾಯ್ದೆ.

"ಬೈಬೇಡಿ ಅತ್ತೆ," ಎಂದಳು. "ಅವನು ಸರಿಯಾಗೇ ಮಾಡಿದಾನೆ."

ಸಮಾಧಾನ ಮಾಡಲು ಹೋದೆ. "ಎಂಟಕ್ಕೆ ಎಂಟೂ ಹಿಡಿದೆಯಲ್ಲೇ! ಜರಡಿ ಅಂದ್ರೆ ನೀನು ಕಣೇ."

ಅಷ್ಟೇ. ಗೋಡೆಗೊರಗಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಒಂದೇ ಒಂದು ತಪ್ಪಿಸ್ಕೊಂಡಿದ್ರೂ ಸಾಕಿತ್ತು ಅತ್ತೆ. ನಿಜವಾದದ್ದೂ ಹಾಗೇ ನನ್ನ ಕಣ್ತಪ್ಪಿ ಹೋಗಿರಬಹುದು ಅಂದ್ಕೋತಿದ್ದೆ. ನಾನು ಒಂದನ್ನೂ ಬಿಟ್ಟಿಲ್ಲ. ಅಲ್ಲಿ ಏನೂ ಇಲ್ಲ."

ಮಗ ಅವಳೆದುರು ನೆಲದ ಮೇಲೆ ಕೂತ. "ಅದಕ್ಕೇ ಒಂದನ್ನ ನಿನಗೆ ಸಿಗದೇ ಇರ್ಲಿ ಅಂತ ಹಾಕಿದ್ದೆ," ಎಂದ. "ಎಷ್ಟು ಮಸುಕಾಗಿ ಹಾಕೋಕಾಗುತ್ತೋ ಅಷ್ಟು ಮಸುಕಾಗಿ."

ಅವಳು ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು.

"ಎಂಟನೇದಾ?" ಎಂದಳು. "ಅಷ್ಟು ಮಸುಕಾದ್ದನ್ನ ಯಾರೂ ಸುಳ್ಳಿಗೆ ಹಾಕಲ್ಲ ಅಂತಾನೇ ಎಲ್ಲಾ ನಿಜ ಅಂದ್ಕೊಂಡೆ. ಅದು ಸಿಕ್ಕಿದ ದಿನಾನೇ ನಾನು ಓಡಿ ಬಂದಿದ್ದು."