ಊಟದ ಹೊತ್ತಿಗೆ ಬಂದ ನರ್ಸಕ್ಕ

ಸನವಳ್ಳಿಯ ನಮ್ಮ ಓಣಿಗೆ ಬರುತ್ತಿದ್ದ ನರ್ಸಕ್ಕ ತೂಕದ ಯಂತ್ರವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದರು. ನೆಲದ ಮೇಲಿಟ್ಟು, ಅಲುಗಾಡುವುದೇ ಎಂದು ಅಂಗೈಯಿಂದ ಒತ್ತಿ ನೋಡಿ, "ಚಪ್ಪಲಿ ಬಿಡು, ಅಂಜಿಕಿ ಬಿಡು, ನಿಲ್ಲವಾ" ಎನ್ನುವರು. ಎಲ್ಲ ಬಸುರಿಯರಿಗೂ ಅದೇ ಮಾತು.

ಏಳು ತಿಂಗಳು ತುಂಬಿದರೂ ನನ್ನ ತೂಕ ಹಿಂದಿನ ತಿಂಗಳಿನಷ್ಟೇ ಇತ್ತು. ಅವರು ಎರಡು ಸಲ ನಿಲ್ಲಿಸಿ ನೋಡಿದರು.

"ಹಿಂಗಾದ್ರ ಕೂಸು ಬೆಳಿಯೂದು ಹೆಂಗವಾ? ಏನ್ ಉಣ್ತಿ?"

ಅತ್ತೆಯೇ ಹೇಳಿದರು: "ಅರ್ಧ ರೊಟ್ಟಿ ಸಾಕ್ರಿ. ಹೆಚ್ಚು ಉಂಡ್ರ ಕೂಸು ದೊಡ್ಡದಾಗಿ ಹೆರಿಗಿ ಕಷ್ಟ ಆಗತೈತಿ."

ಅವರ ಮೊದಲ ಹೆರಿಗೆ ಎರಡು ದಿನ ಹಿಡಿದಿತ್ತಂತೆ. ಆ ಭಯದ ಎದುರು ನನ್ನ ಎಂ.ಎಸ್ಸಿ. ಓದು ನಡೆಯುತ್ತಿರಲಿಲ್ಲ.

ನರ್ಸಕ್ಕ ವಾದ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತರು. "ಹಸಿವಾಗೇತ್ರಿ ಅಕ್ಕಾರ. ಆಕಿಗೆ ಎಷ್ಟೋ ನನಗೂ ಅಷ್ಟ ಹಾಕ್ರಿ."

ಮನೆಗೆ ಬಂದವರಿಗೆ ಅರ್ಧ ರೊಟ್ಟಿ ಬಡಿಸುವುದು ಅತ್ತೆಯ ಕೈಯಿಂದ ಆಗದ ಕೆಲಸ. ಇಬ್ಬರ ತಾಟಿಗೂ ಎರಡೆರಡು ರೊಟ್ಟಿ, ಕಾಳುಪಲ್ಯ, ಮೊಸರು ಹಾಕಿದರು. ನರ್ಸಕ್ಕ ಒಂದು ತುತ್ತೂ ಬಿಡದೆ ಉಂಡರು.

"ಇಬ್ಬರ ಪಾಲು ಬ್ಯಾಡ್ರಿ, ಆಕಿಗೆ ದಿನಾ ಇಷ್ಟಾದ್ರ ಸಾಕು. ನಾಳೆನೂ ಬರ್ತೇನಿ."

ಅತ್ತೆ ನಕ್ಕುಬಿಟ್ಟರು. "ಬರ್ರಿ. ನೀವು ಬರದಿದ್ರೂ ಹಾಕ್ತೇನಿ."

ಬೀಳ್ಕೊಡಲು ಬಾಗಿಲವರೆಗೆ ಹೋದೆ. ನರ್ಸಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪಿಸುಗುಟ್ಟಿದರು: "ಮನ್ಯಾಗ ಉಂಡ ಬಂದಿದ್ನವಾ. ಈಗ ಗಾಡಿ ಹತ್ತೂದ ಕಷ್ಟ ಆಗೇತಿ."